ಹಿನ್ನೋಟದ ಕ್ಯಾಮೆರಾ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಕಾರು ಹಾಗೂ ಲಘು ಸರಕು ವಾಹನಗಳಿಗೆ ಹೊರಗಿನಿಂದ ಕೊಂಡ ಹಿನ್ನೋಟದ ಕ್ಯಾಮೆರಾ ಕೂಡಿಸಿಕೊಳ್ಳುವ ರೂಢಿ ಈಗ ದೊಡ್ಡ ನಗರಗಳಿಗೆ ಸೀಮಿತವಾಗಿ ಉಳಿದಿಲ್ಲ. ಪಾರಿಜಾತದ ತಮ್ಮಣ್ಣನಿಂದ ಹೆಸರಾದ ಕುಲಗೋಡದಂತಹ ಊರಿನಲ್ಲಿಯೂ, ಕೌಜಲಗಿ, ಯಾದವಾಡ, ಮೂಡಲಗಿ, ಸಂಕೇಶ್ವರಗಳ ಪೇಟೆಗಳಲ್ಲಿಯೂ ವರ್ತಕರ ವಾಹನಗಳು ಈ ಸಾಧನವನ್ನು ಹೊತ್ತು ತಿರುಗುತ್ತಿವೆ. ಸಾಧನ ಬಂದಂತೆ ಅದರ ದೂರುಗಳೂ ಬಂದಿವೆ. ಪರದೆ ಕಪ್ಪಾಯಿತೆಂದರೆ ಗ್ರಾಹಕರು ಹೇಳುವ ಮಾತು ಒಂದೇ: ‘ಕ್ಯಾಮೆರಾ ಹೋಗೇತಿ, ಹೊಸಾದ ಹಾಕ್ರಿ.’ ಅಂಗಡಿಯವರೂ ಬಹಳ ಸಲ ಹಾಗೆಯೇ ಮಾಡುತ್ತಾರೆ. ಹೊಸದು ಎಂಟು ದಿನ ನಡೆದು ಮತ್ತೆ ನಿಂತಾಗ ದೋಷ ಬೇರೆಡೆ ಇತ್ತೆಂಬುದು ತಿಳಿಯುತ್ತದೆ. ಅಷ್ಟರಲ್ಲಿ ಒಂದು ಕ್ಯಾಮೆರಾದ ಬೆಲೆ, ಎರಡು ಸಲದ ಕೂಲಿ ಮತ್ತು ಗೋಕಾಕಕ್ಕೋ ಬೆಳಗಾವಿಗೋ ಹೋಗಿಬಂದ ದಿನದ ವ್ಯಾಪಾರ ಮೂರೂ ನಷ್ಟವಾಗಿರುತ್ತವೆ.

ಈ ದೂರುಗಳಲ್ಲಿ ಹೆಚ್ಚಿನವು ಕ್ಯಾಮೆರಾದವಲ್ಲ. ಅದಕ್ಕೆ ವಿದ್ಯುತ್ತನ್ನು ತರುವ, ಅದರಿಂದ ಚಿತ್ರವನ್ನು ಒಯ್ಯುವ ತಂತಿಗಳವು. ಆದುದರಿಂದ ಕ್ಯಾಮೆರಾವನ್ನು ಕಟ್ಟಕಡೆಗೆ ಶಂಕಿಸಬೇಕೇ ಹೊರತು ಮೊದಲಿಗಲ್ಲ. ಹೀಗೆ ಹೇಳಲು ಖರ್ಚಿನದಷ್ಟೇ ಕಾರಣವಲ್ಲ. ಚಾಲಕನು ಒಮ್ಮೆ ಪರದೆಯನ್ನು ನಂಬಿದನೆಂದರೆ ಹಿಂದಿರುಗಿ ನೋಡುವ ಅಭ್ಯಾಸವನ್ನು ಬಿಡುತ್ತಾನೆ. ಬೆಲ್ಲದ ಅಂಗಳದಲ್ಲಿ, ಅಂಗಡಿಯ ಓಣಿಯಲ್ಲಿ, ಮನೆಯ ಮುಂದೆ ವಾಹನವನ್ನು ಹಿಂದಕ್ಕೆ ತೆಗೆಯುವಾಗ ಬಂಪರಿನ ಎತ್ತರಕ್ಕಿಂತ ಗಿಡ್ಡವಾದ ಮಗು ಯಾವ ಕನ್ನಡಿಯಲ್ಲಿಯೂ ಕಾಣುವುದಿಲ್ಲ. ಇಂತಹ ಅಪಘಾತಗಳ ಕಾರಣದಿಂದಲೇ ಅಮೆರಿಕದಲ್ಲಿ 2018ರ ಮೇ 1ರಿಂದ ಹೊಸ ಕಾರುಗಳಿಗೆ ಹಿನ್ನೋಟದ ಕ್ಯಾಮೆರಾವನ್ನು ಕಡ್ಡಾಯಗೊಳಿಸಲಾಯಿತು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ಹಿಂಬದಿಯ ಸಂವೇದಕ, ಅಂದರೆ ಸದ್ದು ಮಾಡಿ ಎಚ್ಚರಿಸುವ ಸಾಧನ, ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಕಾರುಗಳು ನಮ್ಮ ರಸ್ತೆಗಳಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಎಷ್ಟೋ ವಾಹನಗಳಿಗೆ ಹೊರಗಿನಿಂದ ಕೂಡಿಸಿದ ಕ್ಯಾಮೆರಾ ಒಂದೇ ಹಿಂಬದಿಯ ಕಣ್ಣು. ಪೂರ್ಣ ನಿಂತುಹೋದ ಕ್ಯಾಮೆರಾಕ್ಕಿಂತ ಒಮ್ಮೆ ಬಂದು ಒಮ್ಮೆ ಹೋಗುವ ಕ್ಯಾಮೆರಾ ಹೆಚ್ಚು ಅಪಾಯಕರವೆಂಬುದು ನಮ್ಮ ಅಭಿಪ್ರಾಯ.

ಜೋಡಣೆಯ ಸ್ವರೂಪ

ಕ್ಯಾಮೆರಾದಿಂದ ಎರಡು ವಿದ್ಯುತ್ ತಂತಿಗಳು ಹೊರಡುತ್ತವೆ. ಕೆಂಪು ತಂತಿಯನ್ನು ರಿವರ್ಸ್ ದೀಪದ ಧನ ತಂತಿಗೂ, ಕಪ್ಪು ತಂತಿಯನ್ನು ವಾಹನದ ಲೋಹದ ಮೈಗೂ, ಅಂದರೆ ಅರ್ತ್‌ಗೂ, ಸೇರಿಸಲಾಗುತ್ತದೆ. ಚಿತ್ರವು ಹಳದಿ ತಲೆಯ ಆರ್.ಸಿ.ಎ. ಕೇಬಲ್ಲಿನ ಮೂಲಕ ಮುಂದಿನ ಪರದೆಗೆ ಹೋಗುತ್ತದೆ. ಆ ಕೇಬಲ್ಲಿನ ಜೊತೆಯಲ್ಲಿಯೇ ಸಾಮಾನ್ಯವಾಗಿ ತೆಳುವಾದ ಕೆಂಪು ತಂತಿಯೊಂದು ಸಾಗುತ್ತದೆ. ಇದು ಚಿತ್ರವನ್ನು ಒಯ್ಯುವುದಿಲ್ಲ. ವಾಹನ ರಿವರ್ಸ್ ಗೇರಿಗೆ ಬಿದ್ದಿದೆ ಎಂಬ ಸೂಚನೆಯನ್ನು ಪರದೆಗೆ ಮುಟ್ಟಿಸುತ್ತದೆ. ವಿದ್ಯುತ್ತು, ಅರ್ತ್, ಸೂಚನೆ, ಚಿತ್ರ ಎಂಬ ಈ ನಾಲ್ಕು ಹಾದಿಗಳನ್ನು ಬೇರೆಬೇರೆಯಾಗಿ ಕಂಡರೆ ಅರ್ಧ ಕೆಲಸ ಮುಗಿದಂತೆ.

ಪರೀಕ್ಷೆಯನ್ನು ಎಂಜಿನ್ ನಿಲ್ಲಿಸಿ, ಕೀಲಿಯನ್ನು ಮಾತ್ರ ಆನ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು ನಡೆಸತಕ್ಕದ್ದು. ಒಬ್ಬನು ಡಿಕ್ಕಿಯ ಹಿಂದೆ ಬಾಗಿ ಕುಳಿತಿರುವಾಗ ಇನ್ನೊಬ್ಬನು ಎಂಜಿನ್ ಚಾಲೂ ಮಾಡಿ ರಿವರ್ಸ್ ಗೇರ್ ಹಾಕುವುದು ಗ್ಯಾರೇಜುಗಳಲ್ಲಿ ಇಂದಿಗೂ ಕಾಣಸಿಗುವ ದೃಶ್ಯ. ಇದು ಸರ್ವಥಾ ಕೂಡದು.

ಪರದೆ ಏನನ್ನು ಹೇಳುತ್ತಿದೆ

ರಿವರ್ಸ್ ಗೇರ್ ಹಾಕಿದಾಗ ಮೊದಲು ನೋಡಬೇಕಾದುದು ಪರದೆಯನ್ನಲ್ಲ, ಹಿಂದಿನ ಬಿಳಿ ದೀಪವನ್ನು. ದೀಪವೂ ಹತ್ತದಿದ್ದರೆ ದೋಷವು ಫ್ಯೂಸಿನಲ್ಲಿ ಅಥವಾ ಗೇರ್‌ಪೆಟ್ಟಿಗೆಯ ಮೇಲಿರುವ ರಿವರ್ಸ್ ಸ್ವಿಚ್ಚಿನಲ್ಲಿದೆ. ಕ್ಯಾಮೆರಾವನ್ನು ಬಿಚ್ಚುವ ಅಗತ್ಯವೇ ಇಲ್ಲ. ದೀಪ ಹತ್ತಿಯೂ ಪರದೆಯಲ್ಲಿ ಹಾಡಿನ ಪಟ್ಟಿಯೋ ನಕ್ಷೆಯೋ ಹಾಗೆಯೇ ಉಳಿದಿದ್ದರೆ ಸೂಚನೆಯ ತಂತಿ ಕಡಿದಿದೆ ಎಂದರ್ಥ. ಪರದೆ ಬದಲಾಗಿ ಕಪ್ಪು ಅಥವಾ ನೀಲಿ ಬಣ್ಣಕ್ಕೆ ತಿರುಗಿ, ಸಿಗ್ನಲ್ ಇಲ್ಲವೆಂಬ ಬರಹ ಬಂದರೆ ಸೂಚನೆ ಸರಿಯಾಗಿದೆ, ಚಿತ್ರ ಬರುತ್ತಿಲ್ಲ. ಆಗ ಕ್ಯಾಮೆರಾಕ್ಕೆ ವಿದ್ಯುತ್ತು ತಲುಪುತ್ತಿದೆಯೇ ಎಂದು ನೋಡಬೇಕು.

ಇಲ್ಲಿಯೇ ಬಹಳ ಮಂದಿ ಮೋಸಹೋಗುವುದು. ಮಲ್ಟಿಮೀಟರನ್ನು ಬಿಡಿ ತಂತಿಗೆ ಹಚ್ಚಿ 12 ವೋಲ್ಟ್ ಕಂಡೊಡನೆ ವಿದ್ಯುತ್ತು ಸರಿಯಿದೆಯೆಂದು ತೀರ್ಮಾನಿಸಲಾಗುತ್ತದೆ. ಆದರೆ ಒಳಗೆ ಒಂದೇ ಎಳೆ ಉಳಿದಿರುವ ತಂತಿಯೂ, ಹಸಿರು ತುಕ್ಕು ಹಿಡಿದ ಗಂಟೂ ಹೊರೆಯಿಲ್ಲದಾಗ ಪೂರ್ಣ ವೋಲ್ಟೇಜನ್ನೇ ತೋರಿಸುತ್ತವೆ. ಹೊರೆ ಬಿದ್ದೊಡನೆ ಕುಸಿಯುತ್ತವೆ. ಆದುದರಿಂದ ಕ್ಯಾಮೆರಾವನ್ನು ಜೋಡಿಸಿಟ್ಟೇ ಅಳೆಯಬೇಕು. ಸುಸ್ಥಿತಿಯ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ಕೊಡುತ್ತದೆ. ಕ್ಯಾಮೆರಾದ ಬಳಿ ಅದಕ್ಕೆ ಸಮೀಪದ ಅಂಕಿ ಕಾಣಬೇಕು.

ಅರ್ತ್ ಎಂಬ ಮರೆತ ಹಾದಿ

ಧನ ತಂತಿಗೆ ತೋರುವ ಕಾಳಜಿಯನ್ನು ಯಾರೂ ಕಪ್ಪು ತಂತಿಗೆ ತೋರುವುದಿಲ್ಲ. ಬಣ್ಣ ಬಳಿದ ತಗಡಿನ ಮೇಲಿನ ಯಾವುದೋ ಸ್ಕ್ರೂವಿಗೆ ಸುತ್ತಿಬಿಡುತ್ತಾರೆ. ಮೊದಲ ಮಳೆಗಾಲದಲ್ಲಿ ಅಲ್ಲಿ ತುಕ್ಕು ಹಿಡಿಯುತ್ತದೆ. ನಮ್ಮ ಭಾಗದ ಎರೆಮಣ್ಣಿನ ಕೆಸರು ಒಮ್ಮೆ ಮೆತ್ತಿಕೊಂಡರೆ ಬಹುಕಾಲ ಹಸಿಯಾಗಿರುವುದರಿಂದ ಬಂಪರಿನ ಒಳಬದಿಯ ಗಂಟುಗಳು ಬೇಗನೆ ಕೆಡುತ್ತವೆ.

ಅರ್ತ್ ಕೆಟ್ಟಾಗ ಚಿತ್ರ ಪೂರ್ಣ ನಿಲ್ಲಲೇಬೇಕೆಂದಿಲ್ಲ. ವಿದ್ಯುತ್ತು ಆರ್.ಸಿ.ಎ. ಕೇಬಲ್ಲಿನ ಹೊರ ಹೆಣಿಗೆಯ ಮೂಲಕ ಮರಳುವ ದಾರಿಯನ್ನು ಹುಡುಕಿಕೊಳ್ಳುತ್ತದೆ. ಆಗ ಚಿತ್ರ ಬರುತ್ತದೆ, ಆದರೆ ಅದರ ಮೇಲೆ ಅಡ್ಡಗೆರೆಗಳು ಹರಿದಾಡುತ್ತವೆ. ಎಂಜಿನ್ ವೇಗ ಹೆಚ್ಚಿದಂತೆ ಗೆರೆಗಳೂ ಬದಲಾಗುತ್ತವೆ. ಇದನ್ನು ಕಂಡು ಕ್ಯಾಮೆರಾ ಕಳಪೆಯೆಂದು ಹಿಂದಿರುಗಿಸುವವರಿದ್ದಾರೆ. ಪರೀಕ್ಷೆ ಸರಳ: ಕ್ಯಾಮೆರಾ ನಡೆಯುತ್ತಿರುವಾಗ ಅದರ ಕಪ್ಪು ತಂತಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಮೀಟರನ್ನು ಹಿಡಿಯಬೇಕು. ಸೊನ್ನೆಗೆ ಸಮೀಪದ ಅಂಕಿ ಬಂದರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಅರ್ತ್ ಕೆಟ್ಟಿದೆ. ಬಣ್ಣ ಕೆರೆದು, ಉಂಗುರದ ಟರ್ಮಿನಲ್ ಒತ್ತಿ, ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಸವರಿದರೆ ಮುಗಿಯಿತು. ವೆಚ್ಚ ಕೆಲವೇ ರೂಪಾಯಿ.

ಮಿನುಗುವ ಚಿತ್ರ

ಕೆಲವು ಹೊಸ ಕಾರುಗಳಲ್ಲಿ ದೀಪಗಳಿಗೆ ವಿದ್ಯುತ್ತು ನೇರವಾಗಿ ಸ್ವಿಚ್ಚಿನಿಂದ ಬರುವುದಿಲ್ಲ. ನಿಯಂತ್ರಕ ಪೆಟ್ಟಿಗೆಯೊಂದು ಅದನ್ನು ಕ್ಷಣಕ್ಷಣಕ್ಕೂ ಕಡಿದು ಕಡಿದು ಕಳುಹಿಸುತ್ತದೆ. ಬಲ್ಬು ಸುಟ್ಟಿದೆಯೇ ಎಂದು ತಿಳಿಯಲು ಸಣ್ಣ ಮಿಡಿತಗಳನ್ನೂ ಬಿಡುತ್ತದೆ. ಕಣ್ಣಿಗೆ ಬಲ್ಬು ಎಂದಿನಂತೆಯೇ ಕಾಣುತ್ತದೆ. ಆದರೆ ಅದೇ ತಂತಿಯಿಂದ ಊಟ ಮಾಡುವ ಕ್ಯಾಮೆರಾ ಸೆಕೆಂಡಿಗೆ ಹಲವು ಸಲ ಉಪವಾಸ ಬೀಳುತ್ತದೆ. ಚಿತ್ರ ಮಿನುಗುತ್ತದೆ, ಅಥವಾ ಬಂದು ಬಂದು ಹೋಗುತ್ತದೆ. ಮಲ್ಟಿಮೀಟರಿನಲ್ಲಿ 12ರ ಬದಲು 8 ಅಥವಾ 9 ವೋಲ್ಟ್ ತೋರಿದರೆ ಈ ಶಂಕೆ ಬಲವಾಗುತ್ತದೆ. ಇದೇ ಕ್ಯಾಮೆರಾವನ್ನು ಬ್ಯಾಟರಿಗೆ ನೇರ ಹಚ್ಚಿದಾಗ ಚಿತ್ರ ನಿಶ್ಚಲವಾಗಿ ಬಂದರೆ ಸಂಶಯ ಉಳಿಯದು.

ಪರಿಹಾರ ಎರಡು. ಮಿಡಿತವನ್ನು ಸಮಗೊಳಿಸುವ ಸಿದ್ಧ ಫಿಲ್ಟರನ್ನು ನಡುವೆ ಹಾಕುವುದು ಒಂದು. ಕೀಲಿ ಆನ್ ಆದಾಗ ಮಾತ್ರ ವಿದ್ಯುತ್ತು ಬರುವ ತಂತಿಯಿಂದ, ಸಣ್ಣ ಫ್ಯೂಸಿನ ಮೂಲಕ, ಕ್ಯಾಮೆರಾಕ್ಕೆ ಪ್ರತ್ಯೇಕ ಪೂರೈಕೆ ಕೊಟ್ಟು, ರಿವರ್ಸ್ ದೀಪದಿಂದ ಸೂಚನೆಯನ್ನು ಮಾತ್ರ ತೆಗೆದುಕೊಳ್ಳುವುದು ಇನ್ನೊಂದು. ಇಂತಹ ಕಾರುಗಳಲ್ಲಿ ಹಳೆಯ ಕಾಲದ ದೊಡ್ಡ ಬಲ್ಬಿನ ಟೆಸ್ಟರನ್ನು ಸಿಕ್ಕಸಿಕ್ಕ ತಂತಿಗೆ ಚುಚ್ಚಬಾರದು. ನಿಯಂತ್ರಕ ಪೆಟ್ಟಿಗೆ ಕೆಟ್ಟರೆ ಅದರ ಬೆಲೆಯ ಮುಂದೆ ಕ್ಯಾಮೆರಾದ ಬೆಲೆ ಏನೇನೂ ಅಲ್ಲ.

ಕೇಬಲ್ ಮತ್ತು ಗಂಟು

ಹಿಂಬಾಗಿಲು ಮೇಲಕ್ಕೆತ್ತುವ ಕಾರುಗಳಲ್ಲಿ ತಂತಿಗಳು ಬಾಗಿಲಿನ ತಿರುಗಣಿಯ ಬಳಿ ರಬ್ಬರಿನ ನಳಿಗೆಯೊಳಗೆ ಸಾಗುತ್ತವೆ. ಬಾಗಿಲು ತೆರೆದು ಮುಚ್ಚಿದಷ್ಟೂ ತಂತಿ ಮಡಚಿ ಬಿಚ್ಚುತ್ತದೆ. ಮೇಲಿನ ಹೊದಿಕೆ ಅಖಂಡವಾಗಿ ಉಳಿದು ಒಳಗಿನ ತಾಮ್ರ ಮಾತ್ರ ಕಡಿಯುತ್ತದೆ. ಡಿಕ್ಕಿ ತೆರೆದಾಗ ಚಿತ್ರ ಬಂದು ಮುಚ್ಚಿದಾಗ ಹೋಗುವುದಾದರೆ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಅಂಗಡಿ ಸರಕನ್ನು ದಿನಕ್ಕೆ ಇಪ್ಪತ್ತು ಸಲ ತೆಗೆದಿಡುವ ವರ್ತಕರ ಕಾರುಗಳಲ್ಲಿ ಈ ದೋಷ ಸಹಜ.

ತಂತಿಗಳನ್ನು ಕೈಯಿಂದ ಹೊಸೆದು ಟೇಪು ಸುತ್ತುವ ಪದ್ಧತಿಯ ಬಗೆಗೆ ಒಂದು ಮಾತು. ಬೇಸಿಗೆಯ ಬಿಸಿಲಿನಲ್ಲಿ ಟೇಪಿನ ಅಂಟು ಕರಗಿ ಜಾರುತ್ತದೆ. ಕಬ್ಬಿನ ಹಂಗಾಮಿನ ಟ್ರ್ಯಾಕ್ಟರುಗಳು ತುಳಿದ ರಸ್ತೆಗಳ ಕುಲುಕಾಟಕ್ಕೆ ಹೊಸೆತ ಸಡಿಲುತ್ತದೆ. ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗುವ ಕೊಳವೆ ತೊಡಿಸಲು ಹಿಡಿಯುವ ಹೆಚ್ಚಿನ ಸಮಯ ಹತ್ತು ನಿಮಿಷ. ಈ ಹತ್ತು ನಿಮಿಷಕ್ಕೆ ಪ್ರತ್ಯೇಕ ಕೂಲಿ ಕೇಳಿದರೂ ತಪ್ಪಿಲ್ಲ, ಕೇಳಿ ಮಾಡಬೇಕು.

ಚಿತ್ರ ಬಂದರೂ ಬಣ್ಣವಿಲ್ಲದಿದ್ದರೆ ಅಥವಾ ಮೇಲಿಂದ ಕೆಳಕ್ಕೆ ಉರುಳುತ್ತಿದ್ದರೆ ಅದು ತಂತಿಯ ದೋಷವಾಗಿರಲಿಕ್ಕಿಲ್ಲ. ಕ್ಯಾಮೆರಾ ಪಾಲ್ ಪದ್ಧತಿಯದಾಗಿ ಪರದೆ ಎನ್.ಟಿ.ಎಸ್.ಸಿ. ಪದ್ಧತಿಗೆ ಹೊಂದಿಸಿದ್ದರೆ ಹೀಗಾಗುತ್ತದೆ. ಇತ್ತೀಚೆಗೆ ಎ.ಎಚ್.ಡಿ. ಎಂಬ ಹೆಚ್ಚು ಸ್ಪಷ್ಟತೆಯ ಕ್ಯಾಮೆರಾಗಳು ಬಂದಿವೆ. ಅವುಗಳ ಕೇಬಲ್ಲೂ ತಲೆಯೂ ಹಳೆಯವುಗಳಂತೆಯೇ ಇರುವುದರಿಂದ ಹಳೆಯ ಪರದೆಗೆ ಸಲೀಸಾಗಿ ಕೂಡುತ್ತವೆ, ಚಿತ್ರ ಮಾತ್ರ ಬರುವುದಿಲ್ಲ. ಆಂಡ್ರಾಯ್ಡ್ ಪರದೆಯಾದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾದ ಬಗೆಯನ್ನು ಬದಲಿಸಿ ನೋಡಬೇಕು. ಮಾಲು ತರಿಸುವಾಗಲೇ ಪರದೆ ಮತ್ತು ಕ್ಯಾಮೆರಾಗಳ ಹೊಂದಾಣಿಕೆಯನ್ನು ಕೇಳಿಕೊಳ್ಳುವುದು ವರ್ತಕರಿಗೆ ಕ್ಷೇಮ.

ಕ್ಯಾಮೆರಾವೇ ಕೆಟ್ಟಿದ್ದರೆ

ಇಷ್ಟೆಲ್ಲ ಆದ ಮೇಲೆ ಕ್ಯಾಮೆರಾವನ್ನು ಬಿಚ್ಚಿ, ಬೇರೆ ಬ್ಯಾಟರಿಗೆ ಒಂದು ಆಂಪಿಯರ್ ಫ್ಯೂಸಿನ ಮೂಲಕ ಹಚ್ಚಿ, ಅಂಗಡಿಯಲ್ಲಿಟ್ಟುಕೊಂಡ ಸಣ್ಣ ಪರದೆಗೆ ಗಿಡ್ಡ ಕೇಬಲ್ಲಿನಿಂದ ಜೋಡಿಸಬೇಕು. ಇಂತಹ 4.3 ಇಂಚಿನ ಒಂದು ಪರದೆಯನ್ನು ಪ್ರತಿ ಅಂಗಡಿಯವರೂ ಪರೀಕ್ಷೆಗೆಂದೇ ಮೀಸಲಿಡುವುದು ಒಳ್ಳೆಯದು. ಇಲ್ಲಿಯೂ ಚಿತ್ರ ಬಾರದಿದ್ದರೆ ಕ್ಯಾಮೆರಾ ಕೆಟ್ಟಿದೆ. ಮಸೂರದ ಒಳಗೆ ಹಬೆ ಕಟ್ಟಿದ್ದರೆ ನೀರು ಹೊಕ್ಕಿದೆ. ಬಿಸಿಲಿಗಿಟ್ಟು ಒಣಗಿಸಿದರೆ ನಾಲ್ಕು ದಿನ ನಡೆಯುತ್ತದೆ, ಅಷ್ಟೆ. ವಾಹನ ತೊಳೆಯುವಲ್ಲಿ ಒತ್ತಡದ ನೀರನ್ನು ನೇರವಾಗಿ ಕ್ಯಾಮೆರಾಕ್ಕೆ ಹಿಡಿಯುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಯಾದವಾಡದ ಸಿಮೆಂಟ್ ಕಾರ್ಖಾನೆಗೂ ಸಕ್ಕರೆ ಕಾರ್ಖಾನೆಗಳಿಗೂ ಓಡುವ ಲಾರಿಗಳ ಮಾತು ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳ 24 ವೋಲ್ಟ್ ವ್ಯವಸ್ಥೆಯಿರುತ್ತದೆ. ಕಾರಿನ 12 ವೋಲ್ಟ್ ಕ್ಯಾಮೆರಾವನ್ನು ಅದಕ್ಕೆ ಹಚ್ಚಿದರೆ ಸುಡುತ್ತದೆ. ಹಾಗೆಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದರೆ ಎರಡೂ ಬ್ಯಾಟರಿಗಳು ಸಮನಾಗಿ ಚಾರ್ಜ್ ಆಗದೆ ಒಂದು ಬೇಗ ಸಾಯುತ್ತದೆ. ವೋಲ್ಟೇಜ್ ಇಳಿಸುವ ಕನ್ವರ್ಟರ್ ಹಾಕುವುದು, ಇಲ್ಲವೆ 12ರಿಂದ 24 ವೋಲ್ಟ್ ಎಂದು ಮುದ್ರಿತವಾಗಿರುವ ಕ್ಯಾಮೆರಾವನ್ನೇ ಕೊಳ್ಳುವುದು ಸರಿಯಾದ ದಾರಿ.

ವಾಹನವನ್ನು ಒಪ್ಪಿಸುವ ಮುನ್ನ

ಚಿತ್ರ ಬಂದೊಡನೆ ಕೆಲಸ ಮುಗಿಯಲಿಲ್ಲ. ವಾಹನದ ಬಲಭಾಗದ ಹಿಂದೆ ಒಬ್ಬರನ್ನು ನಿಲ್ಲಿಸಿದರೆ ಅವರು ಪರದೆಯಲ್ಲಿಯೂ ಬಲಕ್ಕೇ ಕಾಣಬೇಕು. ಎಡಕ್ಕೆ ಕಂಡರೆ ಕ್ಯಾಮೆರಾ ಮುಂಬದಿಯ ಬಳಕೆಗೆ ಹೊಂದಿಸಿದ್ದಾಗಿದೆ. ಹಲವು ಮಾದರಿಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ತಂತಿಯ ಕುಣಿಕೆಯಿರುತ್ತದೆ, ಕೈಪಿಡಿ ನೋಡಿ ಅದನ್ನು ಬದಲಿಸಬೇಕು. ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳೂ ನಂಬಿಕೆಗೆ ತಾನಾಗಿಯೇ ಅರ್ಹವಲ್ಲ. ಕ್ಯಾಮೆರಾ ಕೂಡಿಸಿದ ಎತ್ತರ ಬದಲಾದರೆ ಗೆರೆಗಳ ಅರ್ಥವೂ ಬದಲಾಗುತ್ತದೆ. ಬಂಪರಿನಿಂದ ಅರ್ಧ, ಒಂದು ಮತ್ತು ಎರಡು ಮೀಟರ್ ದೂರದಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಯಾವುದು ಎಲ್ಲಿ ಬೀಳುತ್ತದೆಂದು ಚಾಲಕನಿಗೇ ತೋರಿಸಿಕೊಡಬೇಕು.

ಬಿಲ್ಲಿನಲ್ಲಿ ಕ್ಯಾಮೆರಾದ ಮಾದರಿ, ಕ್ರಮಸಂಖ್ಯೆ, ಕಂಡುಬಂದ ದೋಷ ಮತ್ತು ಮಾಡಿದ ದುರಸ್ತಿಯನ್ನು ನಮೂದಿಸತಕ್ಕದ್ದು. 2020ರ ಜುಲೈ 20ರಂದು ಜಾರಿಗೆ ಬರತೊಡಗಿದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉತ್ಪನ್ನದಿಂದಾದ ಹಾನಿಗೆ ಮಾರಾಟಗಾರನನ್ನೂ ಹೊಣೆ ಮಾಡಬಲ್ಲದು. ತಯಾರಕನು ಯಾರೆಂದು ತಿಳಿಯದಿದ್ದಾಗ, ಮಾರಾಟಗಾರನೇ ವಸ್ತುವನ್ನು ಮಾರ್ಪಡಿಸಿ ಅದರಿಂದ ಹಾನಿಯಾದಾಗ, ಜೋಡಣೆ ಹಾಗೂ ಪರಿಶೀಲನೆಯಲ್ಲಿ ತಕ್ಕ ಎಚ್ಚರಿಕೆ ವಹಿಸದಿದ್ದಾಗ ಈ ಹೊಣೆ ಬರುತ್ತದೆ. ಹೆಸರೂ ವಿಳಾಸವೂ ಇಲ್ಲದ ಡಬ್ಬಿಯಲ್ಲಿ ಬರುವ ಅಗ್ಗದ ಕ್ಯಾಮೆರಾವನ್ನು ಕೊಳ್ಳುವಾಗ ಮಾರಾಟಗಾರರು ಈ ಅಂಶವನ್ನೂ ಬೆಲೆಯಲ್ಲಿ ಸೇರಿಸಿ ನೋಡಬೇಕು. ದುರಸ್ತಿಗೆ ಬಂದ ವಾಹನಗಳ ಸಂಖ್ಯೆ, ಮಾದರಿ ಮತ್ತು ದೋಷದ ಮೂಲಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಸಗಟು ವ್ಯಾಪಾರಿಗೆ ಮಾಲು ಹಿಂದಿರುಗಿಸುವಾಗ ಆ ವಹಿಯೇ ಸಾಕ್ಷಿಯಾಗುತ್ತದೆ.