ಕೆಟ್ಟ ಲೆಕ್ಕವನ್ನು ಹಿಂದಿನ ಗಳಿಗೆಗೆ ತರುವ ಬಗೆ



ಸುಗ್ಗಿ ಮುಗಿದ ಮೇಲೆ ಕೆಂಪು ಬಾಳೆಯ ತೋಟಗಳನ್ನು ನೋಡುವ ಸಲುವಾಗಿ ನಾವು ಕಲಬುರಗಿ ಜಿಲ್ಲೆಯ ಕಮಲಾಪುರಕ್ಕೆ ಹೋಗಿದ್ದೆವು. ಬಾಳೆಯ ವಿಷಯ ಮುಂದಿನ ಸಂಚಿಕೆಗಿರಲಿ. ಆ ಕಡೆಯ ಒಂದು ಸಹಕಾರ ಸಂಘದಲ್ಲಿ ಕೇಳಿದ ಸಂಗತಿಯನ್ನು ಮೊದಲು ತಿಳಿಸುತ್ತೇವೆ. ಏಕೆಂದರೆ ಅದೇ ಅಪಾಯ ನಮ್ಮ ಸಂಘಕ್ಕೂ ಇದೆ.

ಒಂದು ದಿನ ಬೆಳಿಗ್ಗೆ 11-40ಕ್ಕೆ ಗುಮಾಸ್ತರೊಬ್ಬರು ಹಳೆಯ ವರ್ಷದ ಲೆಕ್ಕ ತೆಗೆಯಲು ಹೋಗಿ ಚಾಲ್ತಿ ವರ್ಷದ ಸಾಲ ವಸೂಲಿಯನ್ನೇ ಕಂಪ್ಯೂಟರಿನಿಂದ ಅಳಿಸಿಬಿಟ್ಟರಂತೆ. ಸಾಲ ತೀರಿಸಿದವರೂ ಬಾಕಿದಾರರಾದರು! ಹಿಂದಿನ ರಾತ್ರಿಯ ಬ್ಯಾಕಪ್ ಕಲಬುರಗಿ ನಗರದಲ್ಲಿ ಭದ್ರವಾಗಿತ್ತು. ಆದರೆ ಅದನ್ನಷ್ಟೇ ಹಾಕಿದರೆ ಅಂದು ಬೆಳಿಗ್ಗೆ ಹಣ ಕಟ್ಟಿದವರ ಗತಿಯೇನು?

ಕಿರ್ದಿ, ಖಾತೆ ಬಲ್ಲವರಿಗೆ ಉತ್ತರ ಕಷ್ಟವಲ್ಲ. ಖಾತೆ ಪುಸ್ತಕ ಹಾಳಾದರೆ, ಹಿಂದಿನ ತಾರೀಖಿನ ಶಿಲ್ಕು ಹಿಡಿದು ಕಿರ್ದಿಯ ಬಾಬುಗಳನ್ನು ಒಂದೊಂದಾಗಿ ಮತ್ತೆ ಏರಿಸುತ್ತೇವಲ್ಲವೆ? ಕಂಪ್ಯೂಟರಿನ ಡೇಟಾಬೇಸಿನಲ್ಲೂ ಹೀಗೆಯೇ. ರಾತ್ರಿಯ ಪೂರ್ಣ ಬ್ಯಾಕಪ್ ಶಿಲ್ಕಿದ್ದಂತೆ. ಪ್ರತಿಯೊಂದು ಬದಲಾವಣೆಯನ್ನೂ ನಡೆದ ಕ್ರಮದಲ್ಲೇ ಬರೆದಿಡುವ ‘ಲಾಗ್’ ಕಿರ್ದಿಯಿದ್ದಂತೆ. ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ, ಲಾಗನ್ನು 11-39ರವರೆಗೆ ಮಾತ್ರ ನಡೆಸಿ ನಿಲ್ಲಿಸಬೇಕು. ಅಳಿಸಿದ ಆಜ್ಞೆಯೂ ಲಾಗಿನಲ್ಲಿ ದಾಖಲಾಗಿರುವುದರಿಂದ, ಅದನ್ನು ದಾಟಿದರೆ ಅದೇ ಅನಾಹುತ ಮರುಕಳಿಸುತ್ತದೆ. ಅನಂತರದ ಬಾಬುಗಳನ್ನು ರಶೀದಿಯ ಕಾರ್ಬನ್ ಪ್ರತಿ ನೋಡಿ ಕೈಯಿಂದ ಸೇರಿಸಬೇಕು. ಅವರು ಹಾಗೆಯೇ ಮಾಡಿ ತಾಳೆ ನೋಡಿದರು. ಒಬ್ಬರ ಹಣವೂ ತಪ್ಪಿಹೋಗಲಿಲ್ಲ.

ಈ ವಿಧಾನ ಹೊಸದೇನೂ ಅಲ್ಲ. ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸಿನಲ್ಲಿ 2005ರ 8.0ನೇ ಆವೃತ್ತಿಯಿಂದಲೂ ಇದಕ್ಕೆ ಅನುಕೂಲವಿದೆ. ಅದರ ಲಾಗು ಸಾಮಾನ್ಯವಾಗಿ 16 ಮೆಗಾಬೈಟಿನ ಕಡತಗಳಾಗಿ ಬೆಳೆಯುತ್ತ ಹೋಗುತ್ತದೆ. ನಡುವಿನ ಒಂದೇ ಕಡತ ಕಳೆದರೂ ಅಲ್ಲಿಂದ ಮುಂದಕ್ಕೆ ಹೋಗಲಾಗದು. ಕಿರ್ದಿಯ ಹಾಳೆ ಹರಿದಂತೆಯೇ ಸರಿ.

2022ರಲ್ಲಿ ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಮಂಜೂರು ಮಾಡಿತು. ಆದುದರಿಂದ ಇದು ಪೇಟೆಯವರ ಚಿಂತೆ ಮಾತ್ರವಲ್ಲ. ಸಂಘಗಳು ಗಮನಿಸಬೇಕಾದ ಅಂಶಗಳು ಇಷ್ಟು:

1. ತಪ್ಪು ಕಂಡೊಡನೆ ಹೊಸ ನಮೂದು ನಿಲ್ಲಿಸಿ, ಗಂಟೆ ನಿಮಿಷ ಬರೆದಿಡಬೇಕು. ಕೆಟ್ಟ ಡೇಟಾಬೇಸನ್ನೂ ಅಳಿಸದೆ ಇಟ್ಟುಕೊಳ್ಳಬೇಕು.

2. ಬ್ಯಾಕಪ್ ಮತ್ತು ಲಾಗು ಎರಡನ್ನೂ ಬೇರೆ ಕಟ್ಟಡದಲ್ಲಿಡಬೇಕು. ಕಂಪ್ಯೂಟರಿನ ಪಕ್ಕದ ಬೀರುವಿನಲ್ಲಿಟ್ಟ ಪೆನ್‌ಡ್ರೈವ್ ಬೆಂಕಿ, ಕಳ್ಳತನಗಳಲ್ಲಿ ಕಂಪ್ಯೂಟರಿನ ಜೊತೆಯೇ ಹೋಗುತ್ತದೆ.

3. ನಿನ್ನೆಯ ಬ್ಯಾಕಪ್ಪಿನಿಂದ ಮೊನ್ನೆಗೆ ಹಿಂದಿರುಗಲಾಗದು. ತಪ್ಪು ತಡವಾಗಿ ತಿಳಿಯುವುದೇ ಹೆಚ್ಚಾದ್ದರಿಂದ ಕೆಲವು ವಾರಗಳ ಬ್ಯಾಕಪ್ಪುಗಳು, ಅವುಗಳ ಲಾಗು ಸಹಿತ ಇರಬೇಕು.

4. ಮೂರು ತಿಂಗಳಿಗೊಮ್ಮೆಯಾದರೂ ಮರಳಿಸಿ ನೋಡಬೇಕು. ಇಳಿಸಿ ನೋಡದ ಬ್ಯಾಕಪ್ಪು, ಮೊಳಕೆ ಪರೀಕ್ಷಿಸದ ಬಿತ್ತನೆ ಬೀಜವಿದ್ದಂತೆ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ “ಕಳೆದ ಬಾರಿ ಮರಳಿಸಿ ನೋಡಿದ್ದು ಯಾವಾಗ?” ಎಂದು ನಮ್ಮನ್ನೇ ಕೇಳಿರಿ. ನಿಮ್ಮ ರಶೀದಿಗಳನ್ನೂ ಜೋಪಾನವಾಗಿಡಿರಿ.