ನಿಮಗಿದು ಗೊತ್ತೆ? ಈ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯೂ ಇಲ್ಲ, ಪದವಿಯೂ ಇಲ್ಲ!

ಬ್ರಿಟನ್ನಿನ 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ'ದಲ್ಲಿ ಸಂಬಳದ ಪ್ರಾಧ್ಯಾಪಕರಿಲ್ಲ. ಪರೀಕ್ಷೆ, ಅಂಕಪಟ್ಟಿ, ಘಟಿಕೋತ್ಸವ ಯಾವುದೂ ಇಲ್ಲ. ಆದರೂ ಸುಮಾರು 4 ಲಕ್ಷ ಹಿರಿಯರು ಇದರ ಸದಸ್ಯರು!

ಪಾಠ ಹೇಳುವವರು, ಕೇಳುವವರು ಇಬ್ಬರೂ ಸದಸ್ಯರೇ. ನಿವೃತ್ತ ಮೇಷ್ಟ್ರು ಸೋಮವಾರ ಇತಿಹಾಸ ಕಲಿಸಿ, ಮಂಗಳವಾರ ನಿವೃತ್ತ ಬಡಗಿಯ ಎದುರು ಉಳಿ ಹಿಡಿಯಲು ಕಲಿಯಬಹುದು. ಯಾರದೋ ಮನೆಯ ಹಜಾರದಲ್ಲಿ ಏಳೆಂಟು ಕುರ್ಚಿ ಹಾಕಿದರೆ ಅದೇ ತರಗತಿ. ನಡುವೆ ಒಂದು ಸುತ್ತು ಚಹಾ. ಸೇರಲು ಹಿಂದಿನ ಓದಿನ ಪ್ರಮಾಣಪತ್ರ ಬೇಡ. ಪೂರ್ಣಾವಧಿ ಉದ್ಯೋಗ ಬಿಟ್ಟು ಅರ್ಧ ದಿನ ದುಡಿಯುವವರಿಗೂ ಬಾಗಿಲು ತೆರೆದಿದೆ.

ಬಾಲ್ಯ ಮೊದಲ ವಯಸ್ಸು, ದುಡಿಮೆಯ ಕಾಲ ಎರಡನೆಯದು, ಅದರ ನಂತರದ ಬಿಡುವಿನ ಕಾಲ ಮೂರನೆಯದು. ಹೆಸರು ಹುಟ್ಟಿದ್ದು ಹೀಗೆ. ಎಷ್ಟು ಗೌರವದ ಹೆಸರು ನೋಡಿ, 'ಮುದುಕರು' ಎಂಬ ಸುಳಿವೇ ಇಲ್ಲ!

ಮೂಲ ಮಾತ್ರ ಫ್ರಾನ್ಸಿನದು. 1973ರಲ್ಲಿ ಟುಲೂಸ್ ನಗರದಲ್ಲಿ ಪ್ರಾಧ್ಯಾಪಕ ಪಿಯರ್ ವೆಲ್ಲಾಸ್ ಇದನ್ನು ಆರಂಭಿಸಿದರು. ಅಲ್ಲಿ ಪಾಠ ಹೇಳುತ್ತಿದ್ದವರು ವಿಶ್ವವಿದ್ಯಾಲಯದ ಅಧ್ಯಾಪಕರೇ. 1980ರ ದಶಕದ ಆರಂಭದಲ್ಲಿ ಈ ಕಲ್ಪನೆ ಬ್ರಿಟನ್ನಿನ ಕೇಂಬ್ರಿಜ್‌ಗೆ ಬಂದಾಗ ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಮತ್ತು ಗೆಳೆಯರು ಕ್ರಮ ಬದಲಿಸಿದರು. ಕಲಿಸುವ ಹೊಣೆಯನ್ನೂ ಹಿರಿಯರ ಕೈಗೇ ಕೊಟ್ಟರು.