ಹಿಟ್ಟಿನ ಲೆಕ್ಕ, ಮುದ್ದೆಯ ಲೆಕ್ಕ

ಮಧುಮೇಹವುಳ್ಳ ಹಿರಿಯರಿರುವ ಮನೆಗಳಲ್ಲಿ ಈಚೆಗೆ ಒಂದು ಹೊಸ ವಾಡಿಕೆ ಬಂದಿದೆ. ಮಗನೋ ಸೊಸೆಯೋ ಮೊಬೈಲಿನಲ್ಲಿ ಅಡಿಗೆಯ ಕ್ಯಾಲ್ಕುಲೇಟರನ್ನು ತೆರೆದು "ರಾಗಿಮುದ್ದೆ, ಒಂದು" ಎಂದು ಬರೆಯುತ್ತಾರೆ; ಇಷ್ಟು ಕ್ಯಾಲೊರಿ, ಇಷ್ಟು ಪಿಷ್ಟವೆಂದು ಕ್ಷಣಮಾತ್ರದಲ್ಲಿ ಉತ್ತರ ಬರುತ್ತದೆ. ಗುಣಾಕಾರದಲ್ಲಿ ದೋಷವಿಲ್ಲ. ಆದರೆ ಆ "ಒಂದು" ಯಾರ ಮನೆಯ ಒಂದು? ನಾಗಮಂಗಲದ ಕಡೆ ಹೊಲದಿಂದ ಬಂದವರಿಗೆ ಕಟ್ಟುವ ಮುದ್ದೆಗೂ ಶ್ರೀರಂಗಪಟ್ಟಣದ ಹೋಟೆಲಿನ ಎಲೆಗೆ ಬೀಳುವ ಮುದ್ದೆಗೂ ಹೆಸರು ಒಂದೇ, ಗಾತ್ರ ಒಂದಲ್ಲ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. 200 ಗ್ರಾಂ ರಾಗಿಹಿಟ್ಟನ್ನು ತೂಗಿ, ಎಸರಿಗೆ ಹಾಕಿ ಬೇಯಿಸಿ, ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಎಂದಿನಂತೆ ಮುದ್ದೆ ಕಟ್ಟತಕ್ಕದ್ದು. ನಾಲ್ಕಾದರೆ ಒಂದೊಂದರಲ್ಲಿ 50 ಗ್ರಾಂ ಹಿಟ್ಟು; ಎರಡೇ ಆದರೆ 100 ಗ್ರಾಂ. ರಾಗಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಪಿಷ್ಟಾಂಶವುಂಟು. ಆದುದರಿಂದ ಒಂದು ಮನೆಯ ಮುದ್ದೆಯಲ್ಲಿ 35 ಗ್ರಾಂ, ಇನ್ನೊಂದು ಮನೆಯದರಲ್ಲಿ 70 ಗ್ರಾಂ! ನೀರು ಹೆಚ್ಚಾದರೆ ಮುದ್ದೆ ಉಬ್ಬೀತೇ ಹೊರತು ಪಿಷ್ಟ ಹೆಚ್ಚುವುದಿಲ್ಲ. ಆದಕಾರಣ ತೂಗಬೇಕಾದುದು ಮುದ್ದೆಯನ್ನಲ್ಲ, ಹಿಟ್ಟನ್ನು. ರಾಗಿಯು ಸಕ್ಕರೆ ಕಾಯಿಲೆಗೆ ಪಥ್ಯ, ಎಷ್ಟು ಉಂಡರೂ ಬಾಧಕವಿಲ್ಲ ಎಂದು ನಂಬಿರುವವರು ನಮ್ಮಲ್ಲಿ ಬಹುಮಂದಿ. ಮಾತ್ರೆಯ ಪ್ರಮಾಣವನ್ನು ಗೊತ್ತುಮಾಡುವ ವೈದ್ಯರ ಮುಂದೆ ಅವರು "ಒಂದೇ ಮುದ್ದೆ" ಎಂದು ಹೇಳುವುದಕ್ಕಿಂತ "ಇಷ್ಟು ಗ್ರಾಂ ಹಿಟ್ಟು" ಎಂದು ಹೇಳುವುದು ಕ್ಷೇಮಕರ.

ಯಂತ್ರವನ್ನು ನಾವು ಹಳಿಯುತ್ತಿಲ್ಲ. ಅಜ್ಜಿಯರು ಸೇರು ಪಾವುಗಳಲ್ಲಿ ಹೇಳಿದ ಅಳತೆಯನ್ನು ಒಮ್ಮೆ ತೂಗಿ ಗ್ರಾಮಿಗೆ ತಂದುಕೊಂಡರೆ, ನಾಲ್ವರ ಅಡಿಗೆಯನ್ನು ನಲವತ್ತು ಮಂದಿಗೆ ಹೆಚ್ಚಿಸುವ ಗುಣಾಕಾರವನ್ನು ಅದು ನಮಗಿಂತ ಚೆನ್ನಾಗಿ ಮಾಡೀತು. ಅದು ಸೋಲುವುದು ಒಲೆಯ ಮುಂದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪುಳಿಯೋಗರೆಯನ್ನು ತಿಳಿಯದವರಾರು? ಅದರ ಗೊಜ್ಜನ್ನು ಎಂಟು ಪಾಲು ಹೆಚ್ಚಿಸಿ, ಅದೇ ಆಕಾರದ ದೊಡ್ಡ ಪಾತ್ರೆಯಲ್ಲಿ ಕುದಿಸಿದರೆ, ರಸವು ಎಂಟರಷ್ಟಾದರೂ ಆವಿಯಾಡುವ ಮೇಲ್ಮೈ ನಾಲ್ಕರಷ್ಟು ಮಾತ್ರವಾಗುತ್ತದೆ. ನೀರನ್ನೂ ಎಂಟರಷ್ಟೇ ಸುರಿದವರ ಗೊಜ್ಜು ಬೇಗ ಗಟ್ಟಿಯಾಗುವುದಿಲ್ಲ. ಅನ್ನ ಆರುತ್ತಿರುತ್ತದೆ, ಎಲೆ ಹಾಕಿಸಿಕೊಂಡ ನೆಂಟರು ಕಾದಿರುತ್ತಾರೆ.

ಇನ್ನು ಹುಣಿಸೆಹಣ್ಣು. ಹೊಸದರ ಹುಳಿ ಬೇರೆ, ವರ್ಷ ಕಳೆದು ಕಪ್ಪಾದುದರ ಹುಳಿ ಬೇರೆ. ಬೆಲ್ಲದ ಮಾತೂ ಹಾಗೆಯೇ. ನಾಲೆಯ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರಗಳ ಸೀಮೆಯಲ್ಲಿ ಆಲೆಮನೆಗಳಿಗೆ ಕೊರತೆಯಿಲ್ಲ. ಅಲ್ಲಿ ಬೆಲ್ಲ ಕಾಯಿಸುವಾತನು ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆಗಟ್ಟುವುದೇ ಎಂದು ನೋಡುತ್ತಾನೆ. ಕಬ್ಬಿನ ಗುಣ ದಿನದಿನಕ್ಕೆ ಬದಲಾಗುವುದರಿಂದ ಗಡಿಯಾರವನ್ನು ನಂಬುವುದಿಲ್ಲ. ಸಂಸ್ಕೃತದಲ್ಲಿ ಪಾಕವೆಂಬ ಶಬ್ದಕ್ಕೆ ಅಡಿಗೆ ಎಂದೂ ಪಕ್ವವಾಗುವಿಕೆ ಎಂದೂ ಎರಡರ್ಥ. ತಕ್ಕಡಿಗೆ ಸಿಕ್ಕುವುದು ಪದಾರ್ಥ. ಪಕ್ವತೆಗೆ ಕಣ್ಣು ಬೆರಳುಗಳೇ ಬೇಕು.

ಹಾಗೆಂದು ಕೈಯಳತೆಯೊಂದೇ ಸಾಕೆಂಬ ಹಿರಿಯರ ವಾದವನ್ನೂ ನಾವು ಒಪ್ಪಲಾರೆವು. ಆ ಕೈ ಇರುವವರೆಗೆ ಸಾರು ರುಚಿ. ಬಳಿಕ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ರಕ್ತದೊತ್ತಡವುಳ್ಳವರಿಗಾಗಿ ಬಸ್ಸಾರಿನ ಉಪ್ಪನ್ನು ತಗ್ಗಿಸಬೇಕಾದಾಗ, ಮೊದಲು ಎಷ್ಟಿತ್ತೆಂಬುದೇ ತಿಳಿಯದಿದ್ದರೆ ತಗ್ಗಿಸುವುದು ಎಲ್ಲಿಂದ? ಹೊಸ ಪ್ರಯೋಗ ಮಾಡುವವರು ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಉಪ್ಪನ್ನು ಇಳಿಸಿದ ದಿನ ಹುಳಿಯನ್ನು ಮುಟ್ಟಬಾರದು; ಎರಡನ್ನೂ ಬದಲಿಸಿದರೆ ರುಚಿ ಕೆಟ್ಟದ್ದು ಯಾವುದರಿಂದಲೋ ತಿಳಿಯದು. ಕಾಳೆಷ್ಟು, ಸೊಪ್ಪೆಷ್ಟು, ಬಸಿದ ಕಟ್ಟೆಷ್ಟು, ಉಪ್ಪೆಷ್ಟು ಎಂದು ಪುಸ್ತಕದಲ್ಲಿ ಗುರುತು ಹಾಕಿ, ಉಂಡವರ ಮಾತನ್ನೂ ಪಕ್ಕದಲ್ಲಿ ಬರೆಯಬೇಕು. ಮೂರು ನಾಲ್ಕು ಸಲದಲ್ಲಿ ಆ ಮನೆಗೆ ಒಗ್ಗುವ ಪ್ರಮಾಣ ನಿಲ್ಲುತ್ತದೆ. ಕ್ಯಾಲ್ಕುಲೇಟರಿಗೆ ಕೊಡತಕ್ಕದ್ದು ಆ ಅಂಕೆಗಳನ್ನು. ಪುಸ್ತಕವು ಒಲೆಯ ಹತ್ತಿರವೇ ಇರಲಿ. ಎಣ್ಣೆಯ ಕಲೆ ತಗಲಿದರೆ ಚಿಂತೆಯಿಲ್ಲ.